ರಕ್ತನಾಳದ ಕಾಯಿಲೆಗೆ ರಕ್ತದಲ್ಲೇ ಸುಳಿವು

ಕೊಲೆಸ್ಟರಾಲ್ 192. ಅದರ ಎದುರಿಗೆ '200ಕ್ಕಿಂತ ಕಡಿಮೆ ಇರಬೇಕು' ಎಂದು ಅಚ್ಚಾಗಿತ್ತು. "ನಾರ್ಮಲ್ ಇದೆ, ಯೋಚನೆ ಮಾಡಬೇಡಿ" ಎಂದು ಹೇಳಿ ಚೀಟಿಯನ್ನು ವಾಪಸು ಕೊಟ್ಟೆ. ಇದು 2013ರ ಮಾತು. ಆತ ಬ್ಯಾಂಕ್ ನೌಕರರು, ವಯಸ್ಸು 43. ಬೀಡಿ ಸಿಗರೇಟು ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಸ್ವಲ್ಪ ಹೊಟ್ಟೆ ಬಂದಿತ್ತು, ಅಷ್ಟೆ. ರೋಗಿ ಬಯಸಿದ್ದೂ ನಾರ್ಮಲ್, ವೈದ್ಯ ಹೇಳಿದ್ದೂ ನಾರ್ಮಲ್. ಹದಿನಾಲ್ಕು ತಿಂಗಳ ನಂತರ ಒಂದು ಬೆಳಗಿನ ಜಾವ ಅವರಿಗೆ ಹೃದಯಾಘಾತವಾಯಿತು. ಅದೃಷ್ಟಕ್ಕೆ ಬೇಗ ಆಸ್ಪತ್ರೆ ಸೇರಿದರು, ಸ್ಟೆಂಟ್ ಹಾಕಿಸಿಕೊಂಡು ಬದುಕಿ ಉಳಿದರು.

ಚೇತರಿಸಿಕೊಂಡು ಮೊದಲ ಸಲ ನನ್ನ ಕ್ಲಿನಿಕ್ಕಿಗೆ ಬಂದಾಗ ಹಳೆಯ ರಿಪೋರ್ಟನ್ನೂ ಫೈಲಿನಲ್ಲಿಟ್ಟು ತಂದಿದ್ದರು. ನನ್ನನ್ನು ದೂರಲೆಂದೇನೂ ಅಲ್ಲ, ಇರಲಿ ಎಂದು ತಂದದ್ದು. ಅವರು ಹೋದ ಮೇಲೆ, ನಾನು ಬರೆದುಕೊಂಡಿದ್ದ ಅಂಕಿಗಳನ್ನು ಮತ್ತೊಮ್ಮೆ ಓದಿದೆ. ಮೊದಲ ಸಾಲು 192. ಅದರ ಕೆಳಗೆ ಟ್ರೈಗ್ಲಿಸರೈಡ್ 240, ಎಚ್‌ಡಿಎಲ್ 34. ಹೇಳಬೇಕಾದ್ದನ್ನೆಲ್ಲ ಆ ಕಾಗದ ಹೇಳಿತ್ತು. ನಾನು ಮೊದಲ ಸಾಲಿಗೇ ಓದು ನಿಲ್ಲಿಸಿದ್ದೆ.

ಆದ್ದರಿಂದ ಈ ವಾರ, ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರುವ ಮೂವತ್ತರಿಂದ ಅರವತ್ತರ ವಯಸ್ಸಿನ ನಿಮಗೆ, ರಕ್ತನಾಳದ ಕಾಯಿಲೆಯ ಸುಳಿವನ್ನು ರಕ್ತಪರೀಕ್ಷೆ ಎಷ್ಟರಮಟ್ಟಿಗೆ ಮೊದಲೇ ಕೊಡಬಲ್ಲದು ಎಂಬುದನ್ನು ವಿವರಿಸುತ್ತೇನೆ. ಸಾಧ್ಯವಾದರೆ ನಿಮ್ಮ ಹಳೆಯ ಲಿಪಿಡ್ ಪ್ರೊಫೈಲ್ ಚೀಟಿಯನ್ನು ಹುಡುಕಿ ಪಕ್ಕಕ್ಕಿಟ್ಟುಕೊಂಡು ಓದಿ.

ಕಾಯಿಲೆ ಶುರುವಾಗುವುದು ಯಾವಾಗ?

ಹೃದಯಾಘಾತ ದಿಢೀರನೆ ಬರುತ್ತದೆ, ನಿಜ. ಆದರೆ ಅದಕ್ಕೆ ಕಾರಣವಾದ ಕಾಯಿಲೆ ದಿಢೀರನೆ ಬಂದದ್ದಲ್ಲ. 1953ರಲ್ಲಿ ಅಮೆರಿಕದ ವೈದ್ಯರು ಕೊರಿಯಾ ಯುದ್ಧದಲ್ಲಿ ಮಡಿದ 300 ಸೈನಿಕರ ಶವಪರೀಕ್ಷೆಯ ವಿವರಗಳನ್ನು ಪ್ರಕಟಿಸಿದರು. ಆ ಸೈನಿಕರ ಸರಾಸರಿ ವಯಸ್ಸು 22. ಅವರಲ್ಲಿ ನೂರಕ್ಕೆ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ಕಾಯಿಲೆಯ ಗುರುತು ಆಗಲೇ ಕಂಡಿತ್ತು. ಮೆರವಣಿಗೆಯಲ್ಲಿ ಎದೆಯುಬ್ಬಿಸಿ ನಡೆದ ಹುಡುಗರು ಅವರು!

ಒಳಗೆ ನಡೆಯುವುದು ಸ್ಥೂಲವಾಗಿ ಇಷ್ಟು. ಕೊಬ್ಬು ನೀರಿನಲ್ಲಿ ಬೆರೆಯುವುದಿಲ್ಲ, ರಕ್ತದಲ್ಲೂ ಅಷ್ಟೆ. ಆದ್ದರಿಂದ ಯಕೃತ್ತು ಅದನ್ನು ಪ್ರೋಟೀನಿನ ಹೊದಿಕೆಯುಳ್ಳ ಅತಿ ಸಣ್ಣ ಕಣಗಳಲ್ಲಿ ತುಂಬಿ ಕಳುಹಿಸುತ್ತದೆ. ಎಲ್‌ಡಿಎಲ್ ಎಂಬುದು ಇಂಥ ಒಂದು ಬಗೆಯ ಕಣ. ರಕ್ತನಾಳದ ಒಳಪದರವನ್ನು ದಾಟಿ ಕೆಲವು ಕಣಗಳು ಗೋಡೆಯೊಳಗೆ ನುಸುಳುತ್ತವೆ. ನುಸುಳಿದವುಗಳಲ್ಲಿ ಕೆಲವು ಅಲ್ಲೇ ಸಿಕ್ಕಿಕೊಂಡು ಕೆಡುತ್ತವೆ. ಕೆಟ್ಟದ್ದನ್ನು ತಿಂದು ತೆಗೆಯಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ತಿಂದು ಉಬ್ಬಿ ತಾವೂ ಅಲ್ಲೇ ಸಾಯುತ್ತವೆ. ಹೀಗೆ ವರ್ಷಗಟ್ಟಲೆ ಶೇಖರವಾದ ಜಿಡ್ಡಿನ ಮೇಲೆ ತೆಳುವಾದ ಹೊದಿಕೆ ಬೆಳೆಯುತ್ತದೆ. ಒಂದು ದಿನ ಆ ಹೊದಿಕೆ ಬಿರಿದರೆ ರಕ್ತ ಅಲ್ಲಿ ಹೆಪ್ಪುಗಟ್ಟಿ ನಾಳವನ್ನು ಮುಚ್ಚುತ್ತದೆ. ಹೃದಯದಲ್ಲಾದರೆ ಹೃದಯಾಘಾತ, ಮೆದುಳಿನಲ್ಲಾದರೆ ಲಕ್ವ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಬಿರಿಯುವ ಜಿಡ್ಡು ನಾಳವನ್ನು ಅದಕ್ಕೆ ಮೊದಲು ಹೆಚ್ಚು ಇಕ್ಕಟ್ಟು ಮಾಡಿರಲೇಬೇಕೆಂದಿಲ್ಲ. ಇಕ್ಕಟ್ಟಾಗದಿದ್ದರೆ ಎದೆನೋವು ಬರುವುದಿಲ್ಲ, ಇ.ಸಿ.ಜಿ.ಯಲ್ಲಿ ಕಾಣುವುದಿಲ್ಲ, ಟ್ರೆಡ್‌ಮಿಲ್ ಪರೀಕ್ಷೆಯಲ್ಲೂ ಪಾಸಾಗಬಹುದು. 'ಹೋದ ವಾರವಷ್ಟೇ ಎಲ್ಲ ಚೆಕಪ್ ಮಾಡಿಸಿದ್ದರಂತೆ, ಪಾಪ' ಎಂದು ಜನ ಸಾವಿನ ಮನೆಯಲ್ಲಿ ಮಾತನಾಡಿಕೊಳ್ಳುವುದು ಇದಕ್ಕೇ.

ಕೂಡುವುದಲ್ಲ, ಕಳೆಯುವುದು

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ 5,209 ಮಂದಿಯನ್ನು 1948ರಿಂದ ಗಮನಿಸುತ್ತ ಬಂದ ಅಧ್ಯಯನ, ಹೆಚ್ಚಿನ ಕೊಲೆಸ್ಟರಾಲ್ ಮತ್ತು ರಕ್ತದೊತ್ತಡ ಇರುವವರಿಗೆ ಹೃದಯಾಘಾತ ಹೆಚ್ಚು ಎಂದು ತೋರಿಸಿಕೊಟ್ಟಿತು. ಅಂದಿನಿಂದ 'ಕೊಲೆಸ್ಟರಾಲ್ ಎಷ್ಟು?' ಎಂಬ ಪ್ರಶ್ನೆ ಮನೆಮಾತಾಯಿತು. ಆದರೆ ಒಟ್ಟು ಕೊಲೆಸ್ಟರಾಲ್ ಎನ್ನುವುದು ಜಮಾ-ಖರ್ಚು ಬೇರ್ಪಡಿಸದ ಲೆಕ್ಕ. ಅದರಲ್ಲಿ ಗೋಡೆಗೆ ಸೇರುವ ಕಣಗಳ ಕೊಲೆಸ್ಟರಾಲ್ ಕೂಡ ಇದೆ, 'ಒಳ್ಳೆಯದು' ಎನ್ನಿಸಿಕೊಂಡ ಎಚ್‌ಡಿಎಲ್ ಕೂಡ ಇದೆ.

ನಿಮ್ಮ ಚೀಟಿಯಲ್ಲಿ ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಅನ್ನು ಕಳೆಯಿರಿ. ಉಳಿದದ್ದು 'ನಾನ್-ಎಚ್‌ಡಿಎಲ್'. ನನ್ನ ಬ್ಯಾಂಕ್ ನೌಕರರದು 192ರಲ್ಲಿ 34 ಕಳೆದರೆ 158. ಆರೋಗ್ಯವಂತರಲ್ಲಿ ಇದು 130ಕ್ಕಿಂತ ಕೆಳಗಿರಬೇಕು. ಅಂದರೆ ಒಟ್ಟು ಲೆಕ್ಕದಲ್ಲಿ ಪಾಸಾದವರು ಈ ಲೆಕ್ಕದಲ್ಲಿ ಸಾಕಷ್ಟು ದೊಡ್ಡ ಅಂತರದಲ್ಲೇ ಫೇಲು. ಇದಕ್ಕೆ ಬೇರೆ ರಕ್ತ ಬೇಡ, ಬೇರೆ ದುಡ್ಡು ಬೇಡ, ಉಪವಾಸವೂ ಬೇಡ. ಇಷ್ಟು ಅಗ್ಗದ ಪರೀಕ್ಷೆಯಾದ್ದರಿಂದಲೋ ಏನೋ ಯಾರೂ ಜಾಹೀರಾತು ಕೊಡುವುದಿಲ್ಲ.

"ಎಲ್‌ಡಿಎಲ್ ನೋಡಿದರೆ ಸಾಲದೇ?" ಎಂದು ನೀವು ಕೇಳಬಹುದು. ಹಲವು ಪ್ರಯೋಗಾಲಯಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಿಂದ ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟರಾಲ್‌ನಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದರೆ ಎಲ್‌ಡಿಎಲ್. ನಮ್ಮವರ ಲೆಕ್ಕದಲ್ಲಿ 192ರಿಂದ 34 ಹೋಗಿ, 48 ಹೋಗಿ, ಎಲ್‌ಡಿಎಲ್ 110. ನೋಡಿದವರು 'ಪರವಾಗಿಲ್ಲ' ಎನ್ನುವ ಅಂಕಿ. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಸೂತ್ರ ಎಲ್‌ಡಿಎಲ್ ಅನ್ನು ಕಡಿಮೆ ತೋರಿಸುವ ಕಡೆಗೆ ವಾಲುತ್ತದೆ, 400 ದಾಟಿದರೆ ಸೂತ್ರವನ್ನೇ ಬಳಸುವಂತಿಲ್ಲ.

ನಮ್ಮ ದೇಶದವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಾಲ್ಕು ಕಡೆ ನಡೆದ, 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಒಟ್ಟು ಕೊಲೆಸ್ಟರಾಲ್ ಹೆಚ್ಚಿದ್ದವರು ನೂರಕ್ಕೆ 14ರಷ್ಟು ಮಾತ್ರ. ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಸುಮಾರು 30, ಎಚ್‌ಡಿಎಲ್ ಕಡಿಮೆ ಇದ್ದವರು 72! ಮೊದಲ ಸಾಲನ್ನು ಮಾತ್ರ ಓದುವ ವೈದ್ಯ ನೂರರಲ್ಲಿ 86 ಜನರಿಗೆ 'ನಾರ್ಮಲ್' ಎಂದು ಹೇಳಿ ಕಳುಹಿಸಬೇಕಾಗುತ್ತದೆ. (ಎಚ್‌ಡಿಎಲ್ ಕಡಿಮೆ ಇದೆಯೆಂದು ಅದನ್ನು ಏರಿಸುವ ಔಷಧಿ ಹುಡುಕಬೇಡಿ. ಅಂಥ ಔಷಧಿಗಳು ಅಂಕಿಯನ್ನು ಏರಿಸಿದವು, ಹೃದಯಾಘಾತವನ್ನು ತಡೆಯಲಿಲ್ಲ. ಟಾರ್ಸಿಟ್ರಾಪಿಬ್ ಎಂಬುದರ ಪ್ರಯೋಗವನ್ನು 2006ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಏಕೆಂದರೆ ಅದನ್ನು ನುಂಗಿದವರಲ್ಲಿ ಸಾವು ಹೆಚ್ಚಾಗಿತ್ತು.)

ಮೂಟೆಯ ಲೆಕ್ಕ, ಲಾರಿಯ ಲೆಕ್ಕ

ಇನ್ನು ಎಪೊ-ಬಿ. ನಾನಿರುವುದು ತಿಪಟೂರಿನಲ್ಲಿ, ಆದ್ದರಿಂದ ಕೊಬ್ಬರಿಯ ಉದಾಹರಣೆಯನ್ನೇ ಕೊಡುತ್ತೇನೆ. ಮಾರುಕಟ್ಟೆಗೆ ಇವತ್ತು ಸಾವಿರ ಮೂಟೆ ಕೊಬ್ಬರಿ ಬಂತು ಎಂದರೆ ಎಷ್ಟು ಲಾರಿ ಬಂದವು ಎಂದು ಗೊತ್ತಾಗುವುದಿಲ್ಲ. ದೊಡ್ಡ ಲಾರಿಗಳಾದರೆ ನಾಲ್ಕೈದು ಇರಬಹುದು, ಸಣ್ಣ ಟೆಂಪೊಗಳಾದರೆ ಇಪ್ಪತ್ತೈದು ಮೂವತ್ತು. ರಸ್ತೆಯಲ್ಲಿ ಗಲಾಟೆ, ಪಕ್ಕದ ಅಂಗಡಿಗೆ ಗುದ್ದುವ ಸಂಭವ, ಇವೆಲ್ಲ ಮೂಟೆಗಿಂತ ಹೆಚ್ಚಾಗಿ ಗಾಡಿಗಳ ಸಂಖ್ಯೆಯನ್ನು ಅವಲಂಬಿಸಿವೆ.

ಎಲ್‌ಡಿಎಲ್ ಕೊಲೆಸ್ಟರಾಲ್ ಅಳೆಯುವುದೆಂದರೆ ಮೂಟೆ ಎಣಿಸಿದಂತೆ. ಎಪೊ-ಬಿ ಅಳೆಯುವುದೆಂದರೆ ಗಾಡಿ ಎಣಿಸಿದಂತೆ. ರಕ್ತನಾಳದ ಗೋಡೆಗೆ ಕಂಟಕವಾಗುವ ಪ್ರತಿಯೊಂದು ಕಣದ ಮೇಲೂ ಎಪೊ-ಬಿ ಎಂಬ ಪ್ರೋಟೀನು ಒಂದೇ ಒಂದು ಇರುತ್ತದೆ, ಗಾಡಿಗೊಂದು ನಂಬರ್ ಪ್ಲೇಟ್ ಇದ್ದ ಹಾಗೆ. ಹೊಟ್ಟೆ ಬಂದವರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರು, ಟ್ರೈಗ್ಲಿಸರೈಡ್ ಹೆಚ್ಚಿರುವವರು, ಇವರ ಎಲ್‌ಡಿಎಲ್ ಕಣಗಳು ಸಣ್ಣವಾಗಿರುತ್ತವೆ. ಒಂದೊಂದರಲ್ಲೂ ಕೊಲೆಸ್ಟರಾಲ್ ಕಡಿಮೆ. ಆದ್ದರಿಂದ ಮೂಟೆಯ ಲೆಕ್ಕ ಕಡಿಮೆ ಬರುತ್ತದೆ, ಗಾಡಿಗಳು ಮಾತ್ರ ರಸ್ತೆ ತುಂಬ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನದಲ್ಲಿ ಈ ಎಪೊ-ಬಿ ಮತ್ತು ಎಚ್‌ಡಿಎಲ್‌ಗೆ ಸೇರಿದ ಎಪೊ-ಎ1, ಇವೆರಡರ ಅನುಪಾತ ಹೃದಯಾಘಾತದೊಂದಿಗೆ ಎಲ್ಲಕ್ಕಿಂತ ಹೆಚ್ಚಿನ ಸಂಬಂಧವನ್ನು ತೋರಿಸಿತು. ಎರಡನೆಯದು ತಂಬಾಕು ಸೇವನೆ. ಈ ಅಧ್ಯಯನವನ್ನು ಮುನ್ನಡೆಸಿದ ಡಾ. ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಅದೇ ಅಧ್ಯಯನದ ಮುಂದುವರಿದ ವಿಶ್ಲೇಷಣೆ ಇನ್ನೊಂದು ಕಹಿ ಸಂಗತಿಯನ್ನೂ ಹೇಳಿತು. ಮೊದಲ ಹೃದಯಾಘಾತವಾಗುವ ನಡುವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ ಸುಮಾರು 59. ಮಕ್ಕಳ ಮದುವೆ, ಮನೆ ಸಾಲ ಎಲ್ಲ ಬಾಕಿ ಇರುವ ಆರು ವರ್ಷ ಅವು.

ಎಪೊ-ಬಿ ಸಾಮಾನ್ಯವಾಗಿ 100ಕ್ಕಿಂತ, ಅಪಾಯ ಹೆಚ್ಚಿರುವವರಲ್ಲಿ 80ಕ್ಕಿಂತ ಕೆಳಗಿರುವುದು ಒಳ್ಳೆಯದು. ಎಲ್ಲರೂ ಇದನ್ನು ಮಾಡಿಸಬೇಕೆಂದು ನಾನು ಹೇಳುವುದಿಲ್ಲ. ಹಣವಿದ್ದವರು, ಟ್ರೈಗ್ಲಿಸರೈಡ್ 150 ದಾಟಿದವರು ಮಾಡಿಸಲಿ. ಮಿಕ್ಕವರಿಗೆ ಆ ಕಳೆಯುವ ಲೆಕ್ಕವೇ ಸಾಕು, ಬಹುಮಟ್ಟಿಗೆ ಅದೇ ಉತ್ತರ ಕೊಡುತ್ತದೆ.

ಒಮ್ಮೆ ಮಾಡಿಸಿದರೆ ಸಾಕಾದ ಪರೀಕ್ಷೆ

ಕಳೆದ ವರ್ಷ ಆ ಬ್ಯಾಂಕ್ ನೌಕರರ ತಮ್ಮ ಬಂದಿದ್ದರು. ವಯಸ್ಸು 48, ತೋಟದ ಕೆಲಸ, ಒಣಕಲು ದೇಹ. ಯಾವ ಚಟವೂ ಇಲ್ಲ. "ಅಣ್ಣನಿಗಾಯ್ತಲ್ಲ ಡಾಕ್ಟ್ರೇ, ನನಗೂ ಆಗುತ್ತಾ? ಹೇಳಿಬಿಡಿ" ಎಂದರು. ಆಗ ನಾನು 2013ರಲ್ಲಿ ಅವರಣ್ಣನನ್ನು ಕೇಳದೇ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದೆ. ತಂದೆ ಹೇಗೆ ತೀರಿಕೊಂಡರು? "54ಕ್ಕೇ ಹೋದರು. ರಾತ್ರಿ ಊಟ ಮಾಡಿ ಮಲಗಿದ್ದರು, ಗ್ಯಾಸು ಎದೆಗೇರಿತು ಅಂದರು."

ನಮ್ಮ ಕಡೆ ಗ್ಯಾಸಿನ ಹೆಸರಿನಲ್ಲಿ ಹೋದವರೆಷ್ಟೋ! ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತವಾಗಿದ್ದರೆ ಅದನ್ನು ಅಪಾಯದ ಗುರುತೆಂದೇ ವೈದ್ಯರು ಎಣಿಸುತ್ತಾರೆ. ನಿದ್ರೆಯಲ್ಲೋ ಹೊಲದಲ್ಲೋ ಇದ್ದಕ್ಕಿದ್ದಂತೆ ಹೋದವರನ್ನೂ ಈ ಲೆಕ್ಕಕ್ಕೆ ಸೇರಿಸಿಯೇ ನಿಮ್ಮ ವೈದ್ಯರಿಗೆ ಹೇಳಿ.

ತಮ್ಮನ ನಾನ್-ಎಚ್‌ಡಿಎಲ್ 147 ಬಂತು, ಅಂಥ ಭಯಂಕರವೇನಲ್ಲ. ಆದರೆ ಅವರಿಗೆ ಇನ್ನೊಂದು ಪರೀಕ್ಷೆ ಬರೆದುಕೊಟ್ಟಿದ್ದೆ. ಅದು ಲೈಪೊಪ್ರೋಟೀನ್-ಎ. ರಿಪೋರ್ಟಿನಲ್ಲಿ ಈ 'ಎ' ಅಕ್ಷರ ಸಣ್ಣದಾಗಿ ಕಂಸದೊಳಗೆ ಇರುತ್ತದೆ. ಮೇಲೆ ಹೇಳಿದ ಎಪೊ-ಎ1 ಬೇರೆ, ಇದು ಬೇರೆ, ಗೊಂದಲ ಮಾಡಿಕೊಳ್ಳಬೇಡಿ. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಎಂಬ ವಿಜ್ಞಾನಿ ಗುರುತಿಸಿದ ಈ ಕಣ ನೋಡಲು ಎಲ್‌ಡಿಎಲ್‌ನಂತೆಯೇ, ಬಾಲದಂತೆ ಇನ್ನೊಂದು ಪ್ರೋಟೀನು ಅಂಟಿಕೊಂಡಿರುತ್ತದೆ. ನಾಳದ ಗೋಡೆಯಲ್ಲಿ ಜಿಡ್ಡು ಸೇರಿಸುವುದರಲ್ಲಿ ಇದೂ ಪಾಲುದಾರ, ಹೃದಯದ ಅಯೋರ್ಟಿಕ್ ಕವಾಟವನ್ನು ಪೆಡಸು ಮಾಡುವುದರಲ್ಲೂ ಇದರ ಕೈವಾಡವಿದೆ.

ಇದರ ವಿಶೇಷವೆಂದರೆ ಪ್ರಮಾಣ ಬಹುಪಾಲು ಹುಟ್ಟಿನಿಂದಲೇ ನಿಗದಿಯಾಗಿರುತ್ತದೆ. ಎಣ್ಣೆ ಬಿಟ್ಟರೆ ಇಳಿಯುವುದಿಲ್ಲ, ಬಾಡೂಟ ಉಂಡರೆ ಏರುವುದಿಲ್ಲ, ನಡೆದರೆ ಕರಗುವುದಿಲ್ಲ. ಆದ್ದರಿಂದಲೇ ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಭಾರತೀಯ ಹೃದ್ರೋಗ ತಜ್ಞರ ಸಂಘ ಜುಲೈ 2024ರಲ್ಲಿ ಹೊರತಂದ ಮಾರ್ಗಸೂಚಿಯು ಪ್ರತಿಯೊಬ್ಬರೂ ಒಮ್ಮೆಯಾದರೂ ಇದನ್ನು ಮಾಡಿಸಬೇಕು, 50 ಮಿ.ಗ್ರಾಂ.ಗಿಂತ ಕಡಿಮೆ ಇರಬೇಕು ಎನ್ನುತ್ತದೆ. ಅದರ ಪ್ರಕಾರ ನಮ್ಮಲ್ಲಿ ನಾಲ್ವರಲ್ಲಿ ಒಬ್ಬರಿಗೆ ಇದು ಹೆಚ್ಚಿದೆ. ಕೆಲವು ಪ್ರಯೋಗಾಲಯಗಳು ಇದನ್ನು ಮಿ.ಗ್ರಾಂ.ನಲ್ಲಿ, ಕೆಲವು ನ್ಯಾನೊಮೋಲ್‌ನಲ್ಲಿ ಕೊಡುತ್ತವೆ. ಎರಡನೆಯದರಲ್ಲಿ 125 ಗಡಿ. ಯಾವುದರಲ್ಲಿ ಕೊಟ್ಟಿದ್ದಾರೆಂದು ನೋಡದೆ ಗಾಬರಿಯಾದವರನ್ನು ನಾನು ಕಂಡಿದ್ದೇನೆ.

ತಮ್ಮನದು 96 ಬಂತು. ಅಣ್ಣನದನ್ನೂ ಮಾಡಿಸಿದೆವು, 104. ಸ್ಟೆಂಟ್ ಹಾಕಿಸಿಕೊಂಡು ಹತ್ತು ವರ್ಷ ದಾಟಿದ್ದರೂ ನಾನೂ ಸೇರಿದಂತೆ ಯಾರೂ ಅದನ್ನು ಪರೀಕ್ಷಿಸಿರಲಿಲ್ಲ.

"ಇಳಿಸಲಾಗದ ಮೇಲೆ ಗೊತ್ತಾಗಿ ಏನು ಪ್ರಯೋಜನ?" ಎಂದು ತಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಇದನ್ನು ಇಳಿಸುವುದಿಲ್ಲ. ಆದರೆ ಒಂದು ಕಡೆಯಿಂದ ಅಪಾಯ ಹೆಚ್ಚಿದೆ ಎಂದು ಗೊತ್ತಾದರೆ, ನಮ್ಮ ಕೈಯಲ್ಲಿರುವ ಉಳಿದ ಕಡೆಗಳಲ್ಲಿ ಬಿಗಿ ಮಾಡಬಹುದು. ಸಾಮಾನ್ಯರಿಗೆ 147 ಎಂದರೆ ಆರು ತಿಂಗಳು ಪಥ್ಯ ಮಾಡಿ ನೋಡೋಣ ಎನ್ನುತ್ತಿದ್ದೆ. ಅಪ್ಪ 54ಕ್ಕೆ ಹೋಗಿ, ಅಣ್ಣನಿಗೆ 44ಕ್ಕೆ ಆಘಾತವಾಗಿ, ತನಗೆ 96 ಇರುವವರಿಗೆ ಅದೇ 147 ಬೇರೆ ಅರ್ಥ ಕೊಡುತ್ತದೆ. ಅವರಿಗೆ ಅಂದೇ ಮಾತ್ರೆ ಶುರು ಮಾಡಿದೆ. ಮೂರು ತಿಂಗಳ ನಂತರ ನಾನ್-ಎಚ್‌ಡಿಎಲ್ 91ಕ್ಕೆ ಇಳಿದಿತ್ತು.

ಸ್ಟ್ಯಾಟಿನ್ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ನೀವು ಏನೇನೋ ಓದಿರುತ್ತೀರಿ. ಕೆಲವರಿಗೆ ಮೈಕೈ ನೋವು ಬರುವುದು ನಿಜ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರಿಗೆ ಸಕ್ಕರೆ ತುಸು ಏರುವುದೂ ನಿಜ. ಎಲ್‌ಡಿಎಲ್ 39 ಮಿ.ಗ್ರಾಂ. ಇಳಿದರೆ ಹೃದಯಾಘಾತ, ಲಕ್ವ ಇತ್ಯಾದಿಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತವೆ ಎಂಬುದು ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗಗಳಿಂದ ಗೊತ್ತಾದ ಸತ್ಯ. ತೊಂದರೆ ಎನ್ನಿಸಿದರೆ ಬಂದು ಹೇಳಿ, ಪ್ರಮಾಣ ಇಳಿಸಬಹುದು, ಮಾತ್ರೆ ಬದಲಿಸಬಹುದು. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಗರ್ಭಿಣಿಯರು ಮತ್ತು ಗರ್ಭ ಧರಿಸಲಿಚ್ಛಿಸುವವರು ಮಾತ್ರ ಇದನ್ನು ತೆಗೆದುಕೊಳ್ಳುವ ಮೊದಲೇ ವೈದ್ಯರಿಗೆ ತಿಳಿಸಬೇಕು.

ಬೆಂಕಿಯೂ ಹೊಗೆಯೂ

ಮೇಲೆ ಹೇಳಿದವೆಲ್ಲ ಕಾಯಿಲೆಯನ್ನು ಉಂಟುಮಾಡುವ ವಸ್ತುಗಳು. ಸಿ.ಆರ್.ಪಿ. ಹಾಗಲ್ಲ. ದೇಹದಲ್ಲಿ ಎಲ್ಲಾದರೂ ಉರಿಯೂತವಿದ್ದರೆ ಯಕೃತ್ತು ಇದನ್ನು ತಯಾರಿಸುತ್ತದೆ. ಇದು ಹೊಗೆ. ಮೊದಲು ಪತ್ತೆಯಾದದ್ದು 1930ರಲ್ಲಿ, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ರಕ್ತನಾಳದ ಗೋಡೆಯಲ್ಲಿ ಸದಾ ಮಂದವಾಗಿ ಉರಿಯುತ್ತಿರುವ ಕೆಂಡಕ್ಕೂ ಅಷ್ಟಿಷ್ಟು ಹೊಗೆ ಇರುತ್ತದೆ. ಅದನ್ನು ಹಿಡಿಯಲು ಹೆಚ್ಚು ಸೂಕ್ಷ್ಮವಾದ 'ಎಚ್.ಎಸ್.-ಸಿ.ಆರ್.ಪಿ.' ಪರೀಕ್ಷೆ ಬೇಕು, ಜ್ವರಕ್ಕೆ ಮಾಡಿಸುವ ಸಾಮಾನ್ಯ ಸಿ.ಆರ್.ಪಿ. ಸಾಲದು. ಲೀಟರಿಗೆ 1 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು ಎನ್ನುತ್ತಾರೆ.

ಆದರೆ ಹೊಗೆ ಯಾವ ಮನೆಯದು ಎಂದು ಈ ಪರೀಕ್ಷೆ ಹೇಳುವುದಿಲ್ಲ. ವಸಡಿನ ಸೋಂಕು, ನೆಗಡಿ, ಮಂಡಿನೋವು, ಬೊಜ್ಜು, ಎಲ್ಲವೂ ಇದನ್ನು ಏರಿಸುತ್ತವೆ. 10 ದಾಟಿದರೆ ಹೃದಯದ ಬಗ್ಗೆ ಯೋಚಿಸುವ ಮೊದಲು ಹಲ್ಲು, ಗಂಟಲು, ಮೂತ್ರ ನೋಡಿ, ಎರಡು ವಾರ ಬಿಟ್ಟು ಮತ್ತೆ ಮಾಡಿಸುವುದು ಸರಿ. 2008ರ 'ಜುಪಿಟರ್' ಪ್ರಯೋಗದಲ್ಲಿ, ಎಲ್‌ಡಿಎಲ್ 130ಕ್ಕಿಂತ ಕಡಿಮೆ ಇದ್ದರೂ ಈ ಸಿ.ಆರ್.ಪಿ. 2 ಅಥವಾ ಅದಕ್ಕಿಂತ ಹೆಚ್ಚಿದ್ದ ಸುಮಾರು 17,800 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸ್ಟ್ಯಾಟಿನ್ ಕೊಟ್ಟಾಗ ಹೃದಯಾಘಾತ, ಲಕ್ವಗಳು ಗಣನೀಯವಾಗಿ ಇಳಿದವು. ಆದ್ದರಿಂದ ಮಾತ್ರೆ ಕೊಡಲೋ ಬೇಡವೋ ಎಂಬ ಅನುಮಾನದ ಗೆರೆಯ ಮೇಲಿರುವವರಿಗೆ ಇದು ಉಪಯುಕ್ತ. ಎಲ್ಲರಿಗೂ ಅಲ್ಲ.

ಪ್ಯಾಕೇಜುಗಳ ಸುಗ್ಗಿ

ಅಕ್ಟೋಬರ್ 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಹೃದಯ ತಪಾಸಣೆಗೆ ಜನ ಮುಗಿಬಿದ್ದದ್ದು ನಿಮಗೆ ನೆನಪಿರಬಹುದು. 2025ರ ಜೂನ್-ಜುಲೈನಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಸಾವಿನ ಸುದ್ದಿಗಳು ಮೇಲಿಂದ ಮೇಲೆ ಬಂದಾಗಲೂ ಹಾಗೇ ಆಯಿತು. ನನ್ನ ಕ್ಲಿನಿಕ್ಕಿನ ಬೆಂಚೂ ಬೆಳಿಗ್ಗೆ ಏಳಕ್ಕೇ ತುಂಬುತ್ತಿತ್ತು. ಭಯದ ಹಿಂದೆಯೇ ಪ್ಯಾಕೇಜುಗಳೂ ಬರುತ್ತವೆ. '80 ಪರೀಕ್ಷೆ, ಅರ್ಧ ಬೆಲೆ' ಎಂಬ ಕರಪತ್ರ ಹಿಡಿದು ಬಂದವರಿಗೆ ನಾನು ಹೇಳುವುದಿಷ್ಟು.

ಹೋಮೋಸಿಸ್ಟೀನ್ ಎಂಬುದು ಇಂಥ ಪ್ಯಾಕೇಜುಗಳಲ್ಲಿ ಇದ್ದೇ ಇರುತ್ತದೆ. ಅದು ಹೆಚ್ಚಿದ್ದವರಿಗೆ ಹೃದಯಾಘಾತ ಹೆಚ್ಚು ಎಂಬುದು ಕಂಡುಬಂದದ್ದು ಹೌದು. ಆದರೆ ಫೋಲಿಕ್ ಆಮ್ಲ, ಬಿ ಜೀವಸತ್ವ ಕೊಟ್ಟು ಅದನ್ನು ಇಳಿಸಿದ ಪ್ರಯೋಗಗಳ ಫಲಿತಾಂಶ 2006ರಲ್ಲಿ ಬಂದಾಗ ಹೃದಯಾಘಾತ ಕಡಿಮೆಯಾಗಿರಲಿಲ್ಲ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಬಿ-12 ಕೊರತೆ ಸಾಮಾನ್ಯವಾದ್ದರಿಂದ ಹೋಮೋಸಿಸ್ಟೀನ್ ಏರಿರುತ್ತದೆ. ಬಿ-12 ಕೊರತೆಗೆ ಚಿಕಿತ್ಸೆ ಬೇಕು, ನರಗಳಿಗಾಗಿ. ಹೃದಯಕ್ಕಾಗಿ ಆ ಪರೀಕ್ಷೆ ಬೇಕಾಗಿಲ್ಲ. ಟ್ರೋಪೊನಿನ್ ಅಂತೂ ಎದೆನೋವು ಬಂದಾಗ ಮಾಡಬೇಕಾದದ್ದು, ವರ್ಷಾವಧಿ ಚೆಕಪ್ಪಿನದಲ್ಲ.

ಹಾಗಾದರೆ ಏನು ಬೇಕು? ಲಿಪಿಡ್ ಪ್ರೊಫೈಲ್, ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ, ಮೂತ್ರಪಿಂಡಕ್ಕಾಗಿ ಕ್ರಿಯಾಟಿನಿನ್, ಜೀವಮಾನಕ್ಕೊಮ್ಮೆ ಲೈಪೊಪ್ರೋಟೀನ್-ಎ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ರಕ್ತನಾಳಗಳು ಹಾಳಾಗಲು ಹೊಸ್ತಿಲು ದಾಟುವವರೆಗೆ ಕಾಯುವುದಿಲ್ಲ ಎಂಬುದು ನೆನಪಿರಲಿ. ಕೊಲೆಸ್ಟರಾಲ್ ತುಂಬ ಹೆಚ್ಚು ಬಂದರೆ, ಅದರಲ್ಲೂ ಹೆಂಗಸರಲ್ಲಿ, ಮೊದಲು ಥೈರಾಯ್ಡ್ ಪರೀಕ್ಷಿಸಬೇಕು. ಥೈರಾಯ್ಡ್ ಕುಂದಿದ್ದರೆ ಕೊಲೆಸ್ಟರಾಲ್ ಏರುತ್ತದೆ, ಅದಕ್ಕೆ ಔಷಧಿ ಕೊಟ್ಟರೆ ಇಳಿಯುತ್ತದೆ. ದೊಡ್ಡ ಜ್ವರವೋ ಶಸ್ತ್ರಚಿಕಿತ್ಸೆಯೋ ಆದ ಕೂಡಲೇ ಲಿಪಿಡ್ ಮಾಡಿಸಬೇಡಿ, ಅಂಕಿಗಳು ಸುಳ್ಳಾಗಿ ಕಡಿಮೆ ಬರುತ್ತವೆ. ಮದುವೆ ಮನೆಯ ಮರುದಿನ, ಮದ್ಯ ಸೇವಿಸಿದ ಮರುದಿನ ಟ್ರೈಗ್ಲಿಸರೈಡ್ ಏರಿರುತ್ತದೆ. ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವಂಶದಲ್ಲೇ ಇರುವ ದೋಷವಾಗಿರುವ ಸಾಧ್ಯತೆಯಿದೆ, ಆಗ ಮನೆಯ ಮಕ್ಕಳನ್ನೂ ಪರೀಕ್ಷಿಸಬೇಕಾಗುತ್ತದೆ.

ಇಷ್ಟೆಲ್ಲ ಹೇಳಿ ರಕ್ತದೊತ್ತಡದ ಪಟ್ಟಿ ಕಟ್ಟಿಸಿಕೊಳ್ಳದೆ ಎದ್ದು ಹೋಗುವವರಿದ್ದಾರೆ. ಸಾವಿರಾರು ರೂಪಾಯಿಯ ಪರೀಕ್ಷೆ ಮಾಡಿಸಿ ಕೆಳಗಿಳಿದು ಬೀಡಾ ಅಂಗಡಿಯ ಮುಂದೆ ಸಿಗರೇಟು ಹಚ್ಚಿದವರನ್ನೂ ನೋಡಿದ್ದೇನೆ. ಆ ಒಂದು ಸಿಗರೇಟು ನನ್ನ ಯಾವ ಮಾರ್ಕರ್‌ಗಿಂತಲೂ ಸ್ಪಷ್ಟವಾಗಿ ಭವಿಷ್ಯ ಹೇಳುತ್ತದೆ.

ಆಹಾರದ ವಿಷಯ ಎತ್ತಿದರೆ ನಮ್ಮೂರಿನಲ್ಲಿ ಮೊದಲ ಪ್ರಶ್ನೆಯೇ ಕೊಬ್ಬರಿ. "ತೆಂಗಿನಲ್ಲಿ ಕೊಲೆಸ್ಟರಾಲೇ ಇಲ್ಲವಂತಲ್ಲ?" ಇಲ್ಲ, ನಿಜ. ಕೊಲೆಸ್ಟರಾಲ್ ಯಾವ ಗಿಡದಲ್ಲೂ ಇರುವುದಿಲ್ಲ. ಆದರೆ ಕೊಬ್ಬರಿ ಎಣ್ಣೆಯ ಬಹುಭಾಗ ಪರ್ಯಾಪ್ತ ಕೊಬ್ಬು, ಅದು ನಮ್ಮ ಯಕೃತ್ತಿನ ಮೂಲಕ ಎಲ್‌ಡಿಎಲ್ ಅನ್ನು ಏರಿಸುತ್ತದೆ. ಪಲ್ಯಕ್ಕೆ ಉದುರಿಸುವ ಒಂದು ಹಿಡಿ ಕಾಯಿತುರಿಗೆ ನಾನು ಅಡ್ಡಿ ಮಾಡುವುದಿಲ್ಲ. ಕೊಬ್ಬರಿ ಎಣ್ಣೆ ಹೃದಯಕ್ಕೆ ಔಷಧಿ ಎಂದು ಬೆಳಿಗ್ಗೆ ಎದ್ದು ಎರಡು ಚಮಚ ಕುಡಿಯುವುದಕ್ಕೆ ಮಾತ್ರ ಅಡ್ಡಿ ಮಾಡುತ್ತೇನೆ. ತಿಪಟೂರಿನಲ್ಲಿ ಕೂತು ಇದನ್ನು ಬರೆಯಲು ಧೈರ್ಯ ಬೇಕು. ಇನ್ನು ಟ್ರೈಗ್ಲಿಸರೈಡ್ ಏರಿಸುವುದು ಎಣ್ಣೆಗಿಂತ ಹೆಚ್ಚಾಗಿ ತಟ್ಟೆಯ ತುಂಬ ಅನ್ನ, ಸಕ್ಕರೆ, ಮದ್ಯ. ಅದು ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆಗೂ ಅನ್ನ ಕಡಿಮೆ ಮಾಡುವುದಕ್ಕೂ ಬೇಗ ಬಗ್ಗುತ್ತದೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈ ಪರೀಕ್ಷೆಗಳೆಲ್ಲ ಮುಂದಿನ ವರ್ಷಗಳ ಅಪಾಯವನ್ನು ಅಂದಾಜು ಮಾಡುವಂಥವು. ಈ ಕ್ಷಣ ನಾಳ ಮುಚ್ಚಿದೆಯೇ ಎಂದು ಇವು ಹೇಳವು. ಎದೆಯಲ್ಲಿ ಒತ್ತಿದಂಥ ನೋವು, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಏದುಸಿರು ಬಂದರೆ 'ಹೋದ ತಿಂಗಳು ಲಿಪಿಡ್ ಚೆನ್ನಾಗಿತ್ತು' ಎಂದು ಜೀರಿಗೆ ಕಷಾಯ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ, ಪುನೀತ್ ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಅದು ಇದೆಯೇ ಎಂದು ಇಂದೇ ವಿಚಾರಿಸಿಟ್ಟುಕೊಳ್ಳಿ.

ಆ ತಮ್ಮನಿಗೆ ಒಬ್ಬಳೇ ಮಗಳು, 19 ವರ್ಷ, ಡಿಗ್ರಿ ಓದುತ್ತಿದ್ದಾಳೆ. "ಇವಳಿಗೂ ನೋಡಬೇಕಾ ಡಾಕ್ಟ್ರೇ? ನಾಳೆ ಮದುವೆ ಆಗಬೇಕಾದ ಹುಡುಗಿ, ಸುಮ್ಮನೆ ಹೆಸರು ಅಂಟಿಕೊಂಡೀತು" ಎಂದು ಅಪ್ಪ ಹಿಂಜರಿದರು. 18ಕ್ಕೇ ಮೊದಲ ಲಿಪಿಡ್ ಪ್ರೊಫೈಲ್ ಮಾಡಿಸಬೇಕೆಂದು ಅದೇ 2024ರ ಮಾರ್ಗಸೂಚಿ ಹೇಳುತ್ತದೆ ಎಂದೆ. ಲೈಪೊಪ್ರೋಟೀನ್-ಎ ತಂದೆಯಿಂದ ಬರುವ ಸಾಧ್ಯತೆ ಸರಿಸುಮಾರು ಅರ್ಧಕ್ಕರ್ಧ ಎಂದೂ ಹೇಳಿದೆ. ಅಪ್ಪ ಸುಮ್ಮನಾದರು. ಹುಡುಗಿ ಮಾತ್ರ ತಾನೇ ತೋಳು ಮುಂದೆ ಚಾಚಿದಳು.

ಸೋಮವಾರ ರಿಪೋರ್ಟ್ ಬಂತು. ಒಟ್ಟು 156, ಎಚ್‌ಡಿಎಲ್ 52. "ಕಳೆದು ನೋಡಮ್ಮ" ಎಂದೆ. "104" ಎಂದಳು. ಲೈಪೊಪ್ರೋಟೀನ್-ಎ 12. ಅಪ್ಪ ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲಿ ಇನ್ನೇನಾದರೂ ಬರೆದಿದೆಯೇನೋ ಎಂಬಂತೆ.

"ಹಾಗಾದರೆ ಇನ್ನು ನನಗೆ ಈ ಟೆಸ್ಟ್ ಬೇಡವಾ ಸಾರ್?" ಎಂದಳು.

ಲೈಪೊಪ್ರೋಟೀನ್ ಮತ್ತೆ ಬೇಡ, ಲಿಪಿಡ್ ಐದು ವರ್ಷ ಬಿಟ್ಟು ಒಮ್ಮೆ ನೋಡೋಣ ಎಂದೆ. ಚೀಟಿಯ ಅಂಚಿನಲ್ಲಿ ಪೆನ್ನಿನಿಂದ ಆ ವರ್ಷವನ್ನು ಬರೆದುಕೊಂಡು ಬ್ಯಾಗಿಗೆ ಹಾಕಿಕೊಂಡಳು.